ಬಲಗಿವಿಯ ಗುರುತು

ಚನ್ನಗಿರಿಯಲ್ಲಿ ನಮ್ಮ ಸಾರ್ ಅವರ ತಿಥಿಯ ಊಟ ಮುಗಿಸಿ, ಶಾಮಿಯಾನದ ಕೆಳಗೆ ಎಲೆಅಡಿಕೆ ಹಾಕಿಕೊಳ್ಳುತ್ತ ಕೂತಿದ್ದಾಗ ಪ್ರಯೋಗಾಲಯದ ಹೊಸ ಹುಡುಗರು ಒಂದು ಕಥೆ ಹೇಳಿ ನಕ್ಕರು. ಸಾವಿನ ಮನೆಯಲ್ಲಿ ನಗಬಾರದೆಂದೇನೂ ಇಲ್ಲ. ಬಾಳಿ ಬದುಕಿ ಹೋದವರ ಬಗ್ಗೆ ಜನ ನಗುತ್ತಾರೆ, ಅದೂ ಒಂದು ಮರ್ಯಾದೆಯೇ. ಕಥೆ ಇಷ್ಟು. ಸಾರ್ ಪಂಜರದಿಂದ ಒಂದೊಂದು ಇಲಿ ಎತ್ತುವ ಮುಂಚೆಯೂ ತಮ್ಮ ಬಲಗಿವಿಯನ್ನು ಒಮ್ಮೆ ಮುಟ್ಟಿಕೊಳ್ಳುತ್ತಿದ್ದರು. ಇಲಿ ಗಣಪನ ವಾಹನವಲ್ಲವೇ, ಅದಕ್ಕೆ ಸೂಜಿ ಚುಚ್ಚುವ ಪಾಪಕ್ಕೆ ಕಿವಿ ಹಿಡಿದು ಗಣಪನಲ್ಲಿ ತಪ್ಪಾಯಿತು ಅನ್ನುತ್ತಿದ್ದರು ಎಂಬುದು ಹುಡುಗರ ವಾದ.

"ಬಸ್ಕಿ ಒಂದು ಹೊಡೀತಿರ್ಲಿಲ್ಲ ನೋಡ್ರಿ, ಅಷ್ಟೇ ಬಾಕಿ," ಅಂದ ಒಬ್ಬ.

ನಾನು ಎದ್ದು ಹೋಗಿ ತೊಳೆದ ಕೈಯನ್ನೇ ಮತ್ತೊಮ್ಮೆ ತೊಳೆದೆ. ಸಿಟ್ಟು ಬಂದಿತ್ತು. ಹುಡುಗರ ಮೇಲಲ್ಲ, ಆ ಕಥೆ ಅಷ್ಟು ಚೆನ್ನಾಗಿತ್ತಲ್ಲ, ಅದರ ಮೇಲೆ. ಇಷ್ಟು ಚೆನ್ನಾಗಿರುವ ಕಥೆ ಒಮ್ಮೆ ಹುಟ್ಟಿಕೊಂಡರೆ ನಿಜಕ್ಕೆ ನಿಲ್ಲಲು ಜಾಗವಿರುವುದಿಲ್ಲ. ಅವರು ಬದುಕಿದ್ದಾಗಲೇ ಈ ಕಥೆ ಅವರ ಕಿವಿಗೂ ಬಿದ್ದಿತ್ತು. ಅವರು ಅಲ್ಲ ಅನ್ನಲಿಲ್ಲ, ಹೌದು ಅನ್ನಲಿಲ್ಲ, ಸುಮ್ಮನೆ ನಕ್ಕರು. ಆದರೆ ನನಗೆ ನಿಜ ಗೊತ್ತು. ಬರೆಯುತ್ತಿರುವುದು ಅದಕ್ಕೇ. ಅವರ ಹೆಸರು ಬೇಡ. ಅವರಿಗೆ ತಮ್ಮ ಹೆಸರು ಅಚ್ಚಾಗುವುದರ ಬಗ್ಗೆ ಒಂದು ಕಾಲಕ್ಕೆ ಬಹಳ ಆಸೆಯಿತ್ತು, ಆಮೇಲೆ ಅದು ಇರಲಿಲ್ಲ.

ಅವರು ಹುಟ್ಟಿದ್ದು ಜಗಳೂರು ಕಡೆಯ ಸೊಕ್ಕೆಯಲ್ಲಿ, ಕುರಿ ಕಾಯುವ ಮನೆಯಲ್ಲಿ. ಮದುವೆಯಾದದ್ದು ಬಸವಾಪಟ್ಟಣದ ಹುಡುಗಿಯನ್ನು. ಆಕೆ ಮೇಡಂ ಆಗಿ ಚನ್ನಗಿರಿಯ ಶಾಲೆ ಸೇರಿದ ಮೇಲೆ ಇವರೂ ಅಲ್ಲೇ ಮನೆ ಮಾಡಿದರು. ಕೆಲಸ ಮಾತ್ರ ಜಿಲ್ಲಾ ಕೇಂದ್ರದ ಒಂದು ಸಂಸ್ಥೆಯಲ್ಲಿ, ದಿನಾ ಬಸ್ಸು. ನಾನು ಸವಳಂಗದವಳು. ಎಂ.ಎಸ್ಸಿ. ಮುಗಿಸಿ ಅವರ ಕೈಕೆಳಗೆ ಸೇರಿದಾಗ ಹೊನ್ನಾಳಿಯಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದೆ, ನನಗೂ ದಿನಾ ಬಸ್ಸು. ಹಾಗಾಗಿ ನಮ್ಮಿಬ್ಬರ ಮೊದಲ ಸ್ನೇಹ ವಿಜ್ಞಾನದಿಂದ ಬೆಳೆದದ್ದಲ್ಲ, ಬಸ್ಸು ತಪ್ಪಿದ ಬೈಗುಳದಿಂದ ಬೆಳೆದದ್ದು.

ನಮ್ಮ ಕೆಲಸ ಚರ್ಮದ ಕ್ಯಾನ್ಸರಿಗೆ ಲಸಿಕೆ ಹುಡುಕುವುದು, ಅದೂ ಇಲಿಗಳಲ್ಲಿ. ಚರ್ಮದ ಕ್ಯಾನ್ಸರಿನಲ್ಲಿ ಕಪ್ಪು ಮಚ್ಚೆಯ ಹಾಗೆ ಶುರುವಾಗಿ ಒಳಗೊಳಗೇ ಓಡುವ ಒಂದು ಕೆಟ್ಟ ಜಾತಿಯಿದೆ. ಅದರ ಜೀವಕಣಗಳನ್ನು ಇಲಿಯ ಪಕ್ಕೆಯ ಚರ್ಮದಡಿ ಬಿಟ್ಟರೆ ಕೆಲವೇ ದಿನಕ್ಕೆ ಕರಿ ಗಂಟು ಏಳುತ್ತದೆ. ಮೊದಲೇ ಲಸಿಕೆ ಹಾಕಿದ್ದರೆ ಇಲಿಯ ರಕ್ತದಲ್ಲಿ ಆ ಕಣಗಳನ್ನು ಗುರುತು ಹಿಡಿದು ಅಂಟಿಕೊಳ್ಳುವ ಪ್ರತಿಕಾಯಗಳು ಹುಟ್ಟುತ್ತವೆ. ರಕ್ತ ತೆಗೆದು ಪ್ರತಿಕಾಯ ನೋಡುವುದು ನನ್ನ ಪಾಲು. ಸಣ್ಣ ಸಣ್ಣ ಗುಳಿಗಳಿರುವ ಪ್ಲಾಸ್ಟಿಕ್ ತಟ್ಟೆಯಲ್ಲಿ ಪರೀಕ್ಷೆ ನಡೆಸಿದರೆ, ಪ್ರತಿಕಾಯ ಜಾಸ್ತಿಯಿದ್ದ ಗುಳಿ ಅರಿಶಿನ ಕಲಸಿದಷ್ಟು ಹಳದಿಯಾಗುತ್ತದೆ. ಗಂಟು ಅಳೆಯುವುದು ಅವರ ಪಾಲು.

ಮೊದಲ ಸಲ ನನ್ನ ತಟ್ಟೆ ಪೂರ್ತಿ ಹಳದಿಯಾದಾಗ ನಾನು ಕುಣಿಯುವುದೊಂದು ಬಾಕಿ. ಅವರು ಕನ್ನಡಕ ಹಣೆಗೇರಿಸಿ ನೋಡಿ, "ನಾಯಿ ಚೆನ್ನಾಗಿ ಬೊಗಳ್ತಾ ಐತೆ," ಅಂದರು.

"ಅಂದ್ರೆ ಸಾರ್?"

"ಹಟ್ಟೀಲಿ ತೋಳ ಬಂದ್ರೆ ನಾಯಿ ಬೊಗಳ್ತೈತೆ. ತೋಳ ಬಂದಿದ್ದು ನಾಯಿಗೆ ಗೊತ್ತಾಗೈತೆ ಅಂತ ಅರ್ಥ, ಅಷ್ಟೆ. ಬೆಳಿಗ್ಗೆ ಎದ್ದು ಕುರಿ ಎಣಿಸಿದ ಮ್ಯಾಲೇನೇ ನಾಯಿ ಯೋಗ್ಯತೆ ಗೊತ್ತಾಗಾದು. ಪ್ರತಿಕಾಯ ಏರ್ತು ಅಂತ ಕುಣೀಬ್ಯಾಡ, ಗಂಟು ಇಳೀತೇನು ಕೇಳು."

ಆ ಮಾತನ್ನು ನಾನು ಈಗ ಹೊನ್ನಾಳಿಯ ಕಾಲೇಜಿನಲ್ಲಿ ಮಕ್ಕಳಿಗೆ ಪ್ರತಿವರ್ಷ ಹೇಳುತ್ತೇನೆ. ಕೊರೊನಾ ಕಾಲದಲ್ಲಿ ಲಸಿಕೆ ಹಾಕಿಸಿಕೊಂಡ ಜನ ರಕ್ತಪರೀಕ್ಷೆಯ ಚೀಟಿ ಹಿಡಿದು ಅವರಿಗೆ ಫೋನು ಮಾಡಿ, ನನಗಿಷ್ಟು ಬಂದಿದೆ, ನನ್ನ ಹೆಂಡತಿಗೆ ನನಗಿಂತ ಜಾಸ್ತಿ ಬಂದಿದೆ, ಇದು ನ್ಯಾಯವೇ ಎಂದು ಕೇಳುತ್ತಿದ್ದರು. ಅವರಿಗೂ ಇದೇ ನಾಯಿಯ ಉತ್ತರ. ಕೆಲವರು ತಮ್ಮ ಹೆಂಡತಿಯನ್ನು ನಾಯಿ ಅಂದರೆಂದು ಬೇಜಾರು ಮಾಡಿಕೊಂಡದ್ದೂ ಉಂಟು.

ಬಸವಾಪಟ್ಟಣದ ಮಾವನ ಮನೆಯಲ್ಲಿ ಅವರ ಕೆಲಸ ಯಾರಿಗೂ ಅರ್ಥವಾಗಿರಲಿಲ್ಲ. ಮಾವ ನಮ್ಮ ಅಳಿಯಂದಿರು ಇಲಿ ವಿಜ್ಞಾನಿ ಎಂದು ಊರಿಗೆಲ್ಲ ಹೇಳಿಕೊಂಡಿದ್ದರು. ಒಂದು ಹಬ್ಬಕ್ಕೆ ಹೋದಾಗ ಗದ್ದೆಯವರೊಬ್ಬರು ಬಾಗಿಲಲ್ಲಿ ಕಾದಿದ್ದು, "ಬದೂನಾಗೆಲ್ಲಾ ಬಿಲ ಮಾಡ್ಯಾವೆ ಸಾರ್, ಒಂದೇ ಏಟಿಗೆ ಸಾಯೋ ಅಂತ ಔಷಧಿ ಬರ್ಕೊಡ್ರಿ," ಅಂದರಂತೆ. ಇವರು ಕೈ ಮುಗಿದು, "ಯಜಮಾನ್ರೇ, ನಮ್ಮ ಇಲಿಗಳು ಸಾಯಬಾರ್ದು ಅಂತ ನಾನು ಸಂಬಳ ತಗಳಾದು," ಅಂದರು. ಆತ ಇವರನ್ನು ಮೇಲಿಂದ ಕೆಳಗೆ ನೋಡಿ, ಸರ್ಕಾರ ಯಾವುದಕ್ಕೆಲ್ಲ ದುಡ್ಡು ಸುರಿಯುತ್ತದೆ ಎನ್ನುತ್ತ ಹೋದನಂತೆ.

ಅವರು ಸಂತರೇನೂ ಆಗಿರಲಿಲ್ಲ. ಹಠಮಾರಿ, ಸ್ವಲ್ಪ ಜಂಬ. ಮಲ್ಲಿಗೆ ಮುಡಿದು ಬಂದರೆ ಇಲಿಮನೆಯ ಬಾಗಿಲಲ್ಲೇ ತಡೆದು, ಆ ವಾಸನೆಗೆ ಇಲಿಗಳು ಕಂಗಾಲಾಗುತ್ತವೆ ಎಂದು ಹೂ ತೆಗೆಸುತ್ತಿದ್ದರು. ತಾವು ಮಾತ್ರ ಬೆಳ್ಳುಳ್ಳಿ ಹಾಕಿದ ಶೇಂಗಾ ಚಟ್ನಿ ತಿಂದ ಬಾಯಲ್ಲೇ ಒಳಗೆ ಹೋಗುತ್ತಿದ್ದರು. ಕೇಳಿದರೆ, "ಈ ವಾಸ್ನೆ ಅವಕ್ಕೆ ರೂಢಿ ಆಗೈತೆ," ಎಂದು ಸಮಜಾಯಿಷಿ. ಬಾಲ ಹಿಡಿದು ಇಲಿ ಎತ್ತುವವರನ್ನು ಕಂಡರೆ ಉರಿದು ಬೀಳುತ್ತಿದ್ದರು. ಅವರ ಅಂಗೈಗೆ ಮಾತ್ರ ಇಲಿಗಳು ತಾವೇ ಹತ್ತುತ್ತಿದ್ದವು, ಅದು ನಾನು ಕಣ್ಣಾರೆ ಕಂಡದ್ದು.

ಜಂಬ ಇದ್ದದ್ದು ಮುಖ್ಯವಾಗಿ ಒಂದು ವಿಷಯದಲ್ಲಿ. ಗುರುತು ಹಿಡಿಯುವುದರಲ್ಲಿ. ಅವರ ಊರಿನ ಕಡೆ ಯಾರ ಕುರಿ ಎಂದು ತಿಳಿಯಲು ಕಿವಿ ಸೀಳಿ ಗುರುತು ಹಾಕುತ್ತಾರೆ. ಒಂದು ಮನೆಯದು ಬಲಗಿವಿಯ ತುದಿ, ಇನ್ನೊಂದು ಮನೆಯದು ಎಡಗಿವಿಯ ಅಂಚು, ಹೀಗೆ. ಹುಡುಗನಾಗಿದ್ದಾಗ ಹಿಂಡುಗಳು ಬೆರೆತರೆ ಹಿರಿಯರು ತನ್ನನ್ನೇ ಕರೆಯುತ್ತಿದ್ದರೆಂದು ಅವರು ಎಷ್ಟು ಸಲ ಹೇಳಿದ್ದಾರೋ ಲೆಕ್ಕವಿಲ್ಲ. ಇಲಿಗೂ ನಾವು ಗುರುತಿಗೆ ಕಿವಿಯಲ್ಲಿ ಸಣ್ಣ ತೂತು ಹಾಕುತ್ತೇವೆ. ಆ ಕೆಲಸವನ್ನು ಅವರು ಬೇರೆ ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ.

ನಾನು ಹೇಳಬೇಕೆಂದಿರುವ ಪ್ರಯೋಗದಲ್ಲಿ ಈ ಕಿವಿಯೇ ಮುಖ್ಯ. ಅದಕ್ಕೂ ಮುಂಚೆ ಲಸಿಕೆಯ ಇಲಿಗಳಿಗೆ ಒಂದು ಪಂಜರ, ಬರೀ ಉಪ್ಪುನೀರು ಚುಚ್ಚಿದ ಇಲಿಗಳಿಗೆ ಇನ್ನೊಂದು ಪಂಜರ ಇರುತ್ತಿತ್ತು, ಕಿವಿ ನೋಡುವ ಅಗತ್ಯವೇ ಬೀಳುತ್ತಿರಲಿಲ್ಲ. ಈ ಸಲ ಎರಡನ್ನೂ ಒಂದೇ ಪಂಜರದಲ್ಲಿ ಬೆರೆಸಿ ಇಡಬೇಕೆಂದು ನಮ್ಮ ಮುಖ್ಯಸ್ಥರು ತೀರ್ಮಾನಿಸಿದರು. ಕೆಲವಕ್ಕೆ ಬಲಗಿವಿಯಲ್ಲಿ ತೂತು, ಕೆಲವಕ್ಕೆ ಎಡಗಿವಿಯಲ್ಲಿ. ಯಾವ ಕಿವಿಯವಕ್ಕೆ ಲಸಿಕೆ ಎಂಬುದು ಚುಚ್ಚಿದ ಮುಖ್ಯಸ್ಥರೊಬ್ಬರಿಗೇ ಗೊತ್ತು. ರಕ್ತ ನೋಡುವ ನನಗೂ ಗೊತ್ತಿಲ್ಲ, ಗಂಟು ಅಳೆಯುವ ಅವರಿಗೂ ಗೊತ್ತಿಲ್ಲ. ಗೊತ್ತಿದ್ದರೆ ಕಣ್ಣು ತನಗೆ ಬೇಕಾದದ್ದನ್ನೇ ನೋಡುತ್ತದೆ, ಅದಕ್ಕೆ ಈ ಕಟ್ಟುಪಾಡು.

ಗೋಡೆಯ ಮೇಲೆ ಮುಖ್ಯಸ್ಥರು ಒಂದು ಚಿತ್ರ ಅಂಟಿಸಿದ್ದರು. ನಮ್ಮ ಕಡೆ ಮುಖ ಮಾಡಿದ ಒಂದು ಇಲಿ, ಎರಡು ಕಿವಿ, ಕೆಳಗೆ ಎಡ, ಬಲ ಎಂದು ಬರೆದಿತ್ತು. ಅವರು ಅದರತ್ತ ತಿರುಗಿಯೂ ನೋಡಲಿಲ್ಲ. ಗೊಂದಲವಾಗದ ಹಾಗೆ ಬಾಲಕ್ಕೂ ಬಣ್ಣ ಹಚ್ಚೋಣವೇ ಸಾರ್ ಎಂದು ನಾನು ಕೇಳಿದ್ದಕ್ಕೆ, "ಬಣ್ಣ ಹಚ್ಚಾಕೆ ಇದೇನು ಕಾರಹುಣ್ಣಿಮೆ ಎತ್ತೇನಾ? ಕೋಡೂ ಕಟ್ಟಿಬಿಡು, ಕರಿ ಹರಿಯಾಕೆ ಬಿಡಾನ," ಎಂದು ಎಲ್ಲರೆದುರು ಗೇಲಿ ಮಾಡಿದರು. "ಕಿವಿ ಗುರುತಿನ ವಿಚಾರ ನಂಗೆ ಹೇಳಾಕೆ ಬರಬ್ಯಾಡ್ರಿ."

ಇನ್ನು ಅಕ್ಕನ ವಿಷಯ. ತಾಯಿ ಸತ್ತ ಮೇಲೆ ಅವರನ್ನು ಸಾಕಿದ್ದು ಅಕ್ಕ. ಆಕೆ ಕುರಿಯ ಹಿಂದೆ ನಡೆದು ತಮ್ಮನನ್ನು ಓದಿಸಿದವರು. ಗಂಡ ಬೇಗ ಹೋದ ಮೇಲೆ ಸೊಕ್ಕೆಗೇ ವಾಪಸು ಬಂದು ಉಳಿದರು. ಜೀವಮಾನವೆಲ್ಲ ಬರಿಗಾಲು. ತಮ್ಮ ತಂದುಕೊಟ್ಟ ಚಪ್ಪಲಿಗಳನ್ನು ನೆಂಟರ ಮನೆಗೆ ಹೋಗುವಾಗ ಚೀಲದಲ್ಲಿ ಒಯ್ದು, ಆ ಊರ ಬಾಗಿಲಲ್ಲಿ ಹಾಕಿಕೊಳ್ಳುತ್ತಿದ್ದರಂತೆ.

ಆಕೆಯ ಹಿಮ್ಮಡಿಯ ಕೆಳಗೆ ಒಂದು ಕಪ್ಪು ಕಲೆ ಎದ್ದಿತ್ತು. ಜಾಲಿಮುಳ್ಳು ಮುರಿದು ಒಳಗೇ ಉಳಿದಿದೆ ಎಂದುಕೊಂಡು ಎಕ್ಕದ ಹಾಲು ಹಚ್ಚಿದರು, ಸೂಜಿ ಕಾಯಿಸಿ ಕೆದಕಿದರು. ಮುಳ್ಳು ಸಿಗಲಿಲ್ಲ, ಕಲೆ ಅಗಲವಾಯಿತು. ಅದು ನಾವು ಇಲಿಗಳಲ್ಲಿ ಬೆಳೆಸುತ್ತಿದ್ದ ಅದೇ ಜಾತಿಯ ಕ್ಯಾನ್ಸರು. ನಮ್ಮ ಜನಕ್ಕೆ ಅದು ಬಂದರೆ ಹೆಚ್ಚಾಗಿ ಅಂಗಾಲಿಗೇ ಬರುವುದು ಎಂದು ನನಗೆ ಪಾಠ ಹೇಳಿದವರು ಇದೇ ಮನುಷ್ಯ.

"ವರ್ಷಾ ವರ್ಷಾ ಯುಗಾದಿಗೆ ಅಕ್ಕನ ಪಾದ ಮುಟ್ಟಿ ನಮಸ್ಕಾರ ಮಾಡ್ತಿದ್ದೆ ಕಣವ್ವಾ," ಎಂದು ಒಂದು ದಿನ ಬಸ್ ನಿಲ್ದಾಣದಲ್ಲಿ ಹೇಳಿದರು. "ಮ್ಯಾಲೆ ಮುಟ್ತಿದ್ದೆ. ಅಂಗಾಲು ನೋಡಾಕೆ ಆಗ್ಲಿಲ್ಲ ನೋಡು." ಆಮೇಲೆ ಚನ್ನಗಿರಿಯ ಬಸ್ಸು ಬರುವವರೆಗೂ ಆಚೆ ಮುಖ ಮಾಡಿ ಕೂತಿದ್ದರು.

ಹಿಮ್ಮಡಿಯ ಕಲೆಯನ್ನು ಆಸ್ಪತ್ರೆಯಲ್ಲಿ ಕತ್ತರಿಸಿ ತೆಗೆದರು. ತೊಡೆಸಂದಿನಲ್ಲಿ ಗಂಟು ಕೈಗೆ ಸಿಗುತ್ತಿದೆ, ಇನ್ನೊಂದು ಆಪರೇಷನ್ ಆಗಬೇಕು, ತಡಮಾಡಬೇಡಿ ಎಂದು ಡಾಕ್ಟರು ಹೇಳಿ ಕಳಿಸಿದರು. ಅಕ್ಕ ಹೆದರಿದ್ದರು. ಆದರೂ ಒಪ್ಪಿದ್ದರು.

ಅದೇ ವಾರ ನಮ್ಮ ಪ್ರಯೋಗದ ಗುಟ್ಟು ಬಿಚ್ಚಿದ್ದು. ಮುಖ್ಯಸ್ಥರು ಲಸಿಕೆ ಹಾಕಿದ್ದು ಬಲಗಿವಿಯ ಇಲಿಗಳಿಗೆ. ನನ್ನ ತಟ್ಟೆಯಲ್ಲಿ ಹಳದಿ ಏರಿದ್ದು ಬಲಗಿವಿಯವಕ್ಕೇ. ಅವರ ಅಳತೆಯಲ್ಲಿ ಗಂಟು ಚಿಕ್ಕದಾಗಿ ಉಳಿದದ್ದೂ ಬಲಗಿವಿಯವಕ್ಕೇ. ನಾಯಿ ಬೊಗಳಿತ್ತು, ಕುರಿಗಳೂ ಉಳಿದಿದ್ದವು. ಮುಖ್ಯಸ್ಥರು ಪೇಡೆ ತರಿಸಿದರು. ಅವರು ಪೇಡೆ ಕೈಯಲ್ಲಿ ಹಿಡಿದುಕೊಂಡು ತಿನ್ನದೆ ನಿಂತಿದ್ದರು, ಕಣ್ಣಲ್ಲಿ ನೀರಿತ್ತು. ಯಾರಿಗಾಗಿ ಎಂದು ನನಗೆ ಗೊತ್ತಿತ್ತು.

ಭಾನುವಾರ ಅವರ ಜೊತೆ ನಾನೂ ಸೊಕ್ಕೆಗೆ ಹೋದೆ. ಅಕ್ಕ ಕಟ್ಟೆಯ ಮೇಲೆ ಕಾಲು ಚಾಚಿ ಕೂತಿದ್ದರು, ಹಿಮ್ಮಡಿಗೆ ಬಟ್ಟೆ ಸುತ್ತಿತ್ತು. ತಮ್ಮನಿಗಿಂತ ಗಟ್ಟಿ ದನಿ, ತಮ್ಮನಿಗಿಂತ ಚುರುಕು ನಾಲಗೆ. ನನ್ನನ್ನು ನೋಡಿ, "ಇವ್ನು ನಿಮ್ಗೂ ಬೈತಾನೇನವ್ವಾ? ಸಣ್ಣೋನಿದ್ದಾಗ ಕುರಿಗೂ ಬೈತಿದ್ದ," ಅಂದರು.

ಪ್ರಯೋಗ ಇನ್ನೊಂದು ಸಲ ಆಗಬೇಕು, ಆಮೇಲೂ ಮನುಷ್ಯರವರೆಗೆ ಬರಲು ವರ್ಷಗಟ್ಟಲೆ ಬೇಕು, ಬರದೆಯೂ ಹೋಗಬಹುದು. ಇದೆಲ್ಲ ಅವರಿಗೆ ಗೊತ್ತಿಲ್ಲದ್ದೇನಲ್ಲ. ನನಗೆ ದಿನಾ ಹೇಳಿಕೊಡುತ್ತಿದ್ದದ್ದೇ ಅದು. ಆದರೆ ಅಕ್ಕನ ಎದುರು ಕೂತಾಗ ಅವರು ವಿಜ್ಞಾನಿಯಾಗಿ ಉಳಿಯಲಿಲ್ಲ.

"ಗೆದ್ವಿ ಕಣಕ್ಕಾ," ಅಂದರು. "ಇಲೀಲಿ ಕೆಲಸ ಮಾಡೈತೆ."

"ನಂಗೆ ಬಂದೈತಲ್ಲ, ಅದಕ್ಕೇನಾ?"

"ಅದಕ್ಕೇ."

ಅಕ್ಕ ತಮ್ಮನ ಮುಖ ನೋಡಿದರು. ಆಮೇಲೆ ಒಳಗೆ ಹೋಗಿ, ಕುಂಟುತ್ತಲೇ, ಬೆಲ್ಲದ ಚೂರು ತಂದು ಮೂವರ ಬಾಯಿಗೂ ಹಾಕಿದರು.

ಆಪರೇಷನ್ನಿನ ದಿನ ಅಕ್ಕ ಹೋಗಲಿಲ್ಲ. ಫೋನು ಮಾಡಿದರೆ ಆಕೆಯದು ಒಂದೇ ಮಾತು. "ಕೊರೊನಾಕ್ಕೆ ಬಂತಲ್ಲ ಲಸಿಕೆ, ಎಲ್ರೂ ಉಳ್ಕಂಡ್ರು. ನಮ್ಮುಡುಗಾನೇ ಮಾಡ್ಯಾನೆ, ಅದು ಬರ್ಲಿ. ತೊಡೆ ಯಾಕೆ ಕುಯ್ಸಿಕೊಳ್ಳಾನ?" ಸಾರ್ ಬೇಡಿಕೊಂಡರು, ಗದರಿದರು, ಹೆಂಡತಿಯ ಕೈಲಿ ಹೇಳಿಸಿದರು. ತಾವೇ ಕೊಟ್ಟ ಆಸೆಯನ್ನು ಫೋನಿನಲ್ಲಿ ವಾಪಸು ತೆಗೆದುಕೊಳ್ಳಲು ಆಗಲಿಲ್ಲ. ಡಾಕ್ಟರು ಇನ್ನೊಂದು ದಿನ ಕೊಟ್ಟರು, ಅದೂ ತಪ್ಪಿತು. ಕೊನೆಗೆ ನನ್ನನ್ನು ಕರೆದು, "ನೀನು ಹೆಣ್ಮಗಳು, ನೀನು ಹೇಳಿದ್ರೆ ಕೇಳ್ತಾಳೇನೋ, ಬಾ," ಅಂದರು.

ಜಗಳೂರಿನಲ್ಲಿ ಬಸ್ಸು ಬದಲಿಸಬೇಕಿತ್ತು. ಅವತ್ತು ಸಂತೆ. ಸೊಕ್ಕೆಯ ಬಸ್ಸಿಗೆ ಇನ್ನೂ ಹೊತ್ತಿತ್ತು, ಕುರಿ ಮಾರುವ ಕಡೆ ಗಲಾಟೆ ಕೇಳಿ ಅವರ ಕಾಲು ತಾನೇ ಅತ್ತ ಹೋಯಿತು. ಒಬ್ಬ ಕುರಿ ಮಾರುವ ಅಜ್ಜ, ಒಬ್ಬ ಕೊಳ್ಳುವ ಹರೆಯದವನು. ಪ್ಯಾಟೆ ಕಡೆಯವನಿರಬೇಕು, ಶರಟು ಇಸ್ತ್ರಿಯಾಗಿತ್ತು.

"ಬಲಗಿವಿ ಸೀಳಿದ್ದು ಕೊಡ್ತೀನಿ ಅಂದಿದ್ದೆ ನೀನು. ಇದು ಎಡಗಿವಿ ಐತಲ್ಲೋ ಅಜ್ಜಾ! ಬ್ಯಾರೇರ ಕುರಿ ಮಾರಾಕೆ ಬಂದೀಯೇನು?" ಎಂದು ಹರೆಯದವನ ಕೂಗಾಟ.

"ಯಾವ ಕಣ್ಣಾಗೆ ನೋಡ್ತಿ? ಬಲಗಿವೀನೇ ಐತೆ!"

ಅಜ್ಜ ಕುರಿಯ ಹಿಂದೆ ನಿಂತಿದ್ದ. ಇವನು ಕುರಿಯ ಮುಂದೆ, ಅದರ ಮುಖಕ್ಕೆ ಮುಖ ಕೊಟ್ಟು ನಿಂತಿದ್ದ. ಸುತ್ತಲಿದ್ದವರಿಗೆ ವಿಷಯ ಹೊಳೆದು ನಗು ಶುರುವಾಯಿತು. ಒಬ್ಬಾಕೆ ಆ ಹರೆಯದವನ ತೋಳು ಹಿಡಿದು ಕುರಿಯ ಬಾಲದ ಕಡೆ ಎಳೆದು ತಂದಳು. "ಇಲ್ಲಿ ನಿಂತು ನೋಡಪ್ಪ. ಕುರಿ ಕಾಯೋರು ಕುರಿ ಹಿಂದೆ ನಡೀತಾರೆ, ಮುಂದೆ ನಿಂತು ಮಕ ನೋಡ್ಕಂತಾ ಕೂರಲ್ಲ. ನಿನ್ನ ಬಲ ಯಾವ್ದೋ ಕುರೀದೂ ಅದೇ ಬಲ."

ನಾನೂ ನಕ್ಕೆ. ಅವರೂ ನಗಲು ಶುರುಮಾಡಿದವರು ನಡುವೆ ನಿಲ್ಲಿಸಿದರು. ನನ್ನ ಕಡೆ ತಿರುಗಿದರು.

"ರಕ್ತ ತೆಗೆಯಾಕೆ ಇಲೀನ ಹೆಂಗೆ ಹಿಡ್ಕಂತಿ?"

"ನನ್ನ ಕಡೆ ಮುಖ ಮಾಡಿ ಸಾರ್. ಕೆನ್ನೆಯಿಂದ ತೆಗೀಬೇಕಲ್ಲ."

"ಬಲಗಿವಿ ಯಾವುದು ಅಂತ ನೋಡ್ತಿ?"

ಗೋಡೆಯ ಚಿತ್ರದಲ್ಲಿದ್ದ ಹಾಗೆ ನನ್ನ ಬಲಗೈ ಕಡೆಯ ಕಿವಿ ಅಂದೆ. ಮುಖ್ಯಸ್ಥರೂ ಚಿತ್ರ ನೋಡಿಕೊಂಡೇ ಚುಚ್ಚಿದ್ದರು. ಗಂಟು ಅಳೆಯುವಾಗ ಇಲಿಯನ್ನು ಅಂಗೈ ಮೇಲೆ, ಬೆನ್ನು ಮೇಲಾಗಿ, ಮೂತಿ ಆಚೆಗೆ ಮಾಡಿ ಹಿಡಿಯುತ್ತಿದ್ದವರು ಅವರೊಬ್ಬರೇ. ಅವರ ಮುಂದೆ ಹಿಂಡು ನಡೆಯುತ್ತಿತ್ತು, ಅವರು ಹಿಂದಿನಿಂದ ಕಿವಿ ನೋಡುತ್ತಿದ್ದರು. ಅವರು ಬಲ ಅಂದದ್ದೆಲ್ಲ ನಮಗೆ ಎಡ.

ಸೊಕ್ಕೆಯ ಬಸ್ಸು ಬಂತು, ಹೋಯಿತು. ನಾವು ಹತ್ತಲಿಲ್ಲ. ವಾಪಸು ಪ್ರಯೋಗಾಲಯಕ್ಕೆ ಹೋಗಿ ಉಳಿದಿದ್ದ ಒಂದೇ ಇಲಿಯನ್ನು ನಾನು ಹಿಡಿದು ನೋಡಿದೆ, ಅವರು ಹಿಡಿದು ನೋಡಿದರು. ನಾನು ಎಡ ಅಂದೆ, ಅವರು ಬಲ ಅಂದರು. ಇಲಿ ಅವರ ಅಂಗೈಯಲ್ಲಿ ಮೀಸೆ ಒರೆಸಿಕೊಳ್ಳುತ್ತ ಕೂತಿತ್ತು.

ಸರಿಮಾಡಿ ಜೋಡಿಸಿದಾಗ ಫಲಿತಾಂಶ ತಲೆಕೆಳಗಾಯಿತು. ಲಸಿಕೆಯ ಇಲಿಗಳಲ್ಲಿ ಪ್ರತಿಕಾಯ ಏರಿದ್ದು ನಿಜ. ಆದರೆ ಗಂಟು ದೊಡ್ಡದಾಗಿ ಬೆಳೆದದ್ದೂ ಅವುಗಳಲ್ಲೇ. ಲಸಿಕೆ ಕಾಪಾಡುವುದಿರಲಿ, ಕೆಡುಕನ್ನೇ ಮಾಡಿತೋ ಏನೋ ಎಂಬ ಅನುಮಾನ. ಮುಖ್ಯಸ್ಥರು ಕೆಟ್ಟವರಲ್ಲ. ಸದ್ಯಕ್ಕೆ ಸುಮ್ಮನಿರೋಣ, ಮತ್ತೆ ಮಾಡಿ ನೋಡೋಣ ಅಂದರು. ಇವರು ಒಪ್ಪಲಿಲ್ಲ. ಅಚ್ಚಿಗೆ ಕಳಿಸಿದ್ದ ಲೇಖನವನ್ನು ವಾಪಸು ತರಿಸಿದರು, ತಪ್ಪು ತಮ್ಮದೆಂದು ತಮ್ಮ ಹೆಸರಿನಲ್ಲೇ ಬರೆದು ಕಳಿಸಿದರು. ಅದಕ್ಕೆ ಅವರಿಗೆ ಧೈರ್ಯವಿತ್ತು. ಸೊಕ್ಕೆಯ ಬಸ್ಸು ಹತ್ತುವುದಕ್ಕೆ ಮಾತ್ರ ಒಂದು ವಾರ ಬೇಕಾಯಿತು. ಆ ಒಂದು ವಾರಕ್ಕಾಗಿ ನನಗೆ ಅವರ ಮೇಲೆ ಸಿಟ್ಟಿತ್ತು, ಈಗಲೂ ಇದೆ.

ಹೋಗುವ ದಾರಿಯಲ್ಲಿ ನಾನು ಹೇಳಿದೆ. "ಔಷಧಿ ಫಲ ಕೊಡಲಿಲ್ಲ ಅಂತ ಮಾತ್ರ ಹೇಳಿ ಸಾರ್. ಕಿವಿ ವಿಷಯ ಬೇಡ."

"ಗೆದ್ವಿ ಅಂತ ಹೇಳಿದ್ದು ಇದೇ ಬಾಯಿ. ಹೆಂಗೆ ಸೋತ್ಯೋ ಅಂತ ಅವ್ಳು ಕೇಳ್ತಾಳೆ. ಕೇಳ್ದೆ ಬಿಡೋಳಲ್ಲ ಅವ್ಳು."

ಅಕ್ಕ ಆಮೇಲೆ ಆಸ್ಪತ್ರೆಗೆ ಹೋದರು, ತೊಡೆಯ ಆಪರೇಷನ್ನೂ ಆಯಿತು. ಅಷ್ಟರಲ್ಲಿ ರೋಗ ಶ್ವಾಸಕೋಶಕ್ಕೆ ದಾಟಿತ್ತು. ಹೇಳಿದ ದಿನವೇ ಹೋಗಿದ್ದರೆ ಉಳಿಯುತ್ತಿದ್ದರೇ ಎಂದು ನಾನು ಡಾಕ್ಟರನ್ನು ಕೇಳಿದ್ದೆ. ಹೇಳಲಾಗದು, ಆಗಲೇ ಒಳಗೆ ಹೋಗಿದ್ದಿರಬಹುದು ಅಂದರು. ಸಮಾಧಾನಕ್ಕೆ ಅಂದರೋ ನಿಜವಾಗಿ ಅಂದರೋ ತಿಳಿಯದು. ಮುಂದಿನ ಕಾರಹುಣ್ಣಿಮೆಗೆ ಅಕ್ಕ ಇರಲಿಲ್ಲ. ಆ ಮೇಲೆಯೂ ಅವರು ನಿವೃತ್ತಿಯಾಗುವವರೆಗೆ ಇಲಿಮನೆಗೆ ಹೋದರು, ಇಲಿಗಳಿಗೆ ಹುಡುಗರ ಕೈಯಲ್ಲಿ ಬಾಲಕ್ಕೆ ಬಣ್ಣವನ್ನೂ ಹಚ್ಚಿಸಿದರು. ಯಾರನ್ನೂ ಗೇಲಿ ಮಾಡಲಿಲ್ಲ. ಅವರ ಗೇಲಿ ನಿಂತಮೇಲೆ ಪ್ರಯೋಗಾಲಯ ನನಗೆ ಬೇಸರವಾಯಿತು, ಹೊನ್ನಾಳಿಯ ಕಾಲೇಜಿನ ಕೆಲಸ ಸಿಕ್ಕಿದ್ದೇ ಹೊರಟುಬಂದೆ.

ಆದರೆ ನಾನು ಬರೆಯಬೇಕಾದದ್ದು ಸೊಕ್ಕೆಯ ಆ ದಿನದ್ದು. ಅಕ್ಕ ಒಳಗೆ ಮಂಚದ ಮೇಲಿದ್ದರು. ಕಾಲು ಬಾತಿತ್ತು. ಅವರು ಕೆಳಗೆ, ನೆಲದ ಮೇಲೆ ಕೂತು, ತಲೆ ಎತ್ತದೆ ಹೇಳಿದರು. ಔಷಧಿ ಕೆಲಸ ಮಾಡಲಿಲ್ಲ, ನಾಳೆಯೇ ಆಸ್ಪತ್ರೆಗೆ ಹೋಗೋಣ.

"ಮಾಡೈತೆ ಅಂದಿದ್ಯಲ್ಲೋ?"

ಅವರು ನನ್ನ ಕಡೆ ನೋಡಿದರು. ನಾನು ಬೇಡ ಎಂದು ತಲೆಯಾಡಿಸಿದೆ. ಅವರು ಹೇಳಿಯೇಬಿಟ್ಟರು. ಇಲಿಗಳ ಕಿವಿ, ಗೋಡೆಯ ಚಿತ್ರ, ತಾನೊಬ್ಬನೇ ಹಿಂದಿನಿಂದ ನೋಡಿದ್ದು, ಜಗಳೂರಿನ ಸಂತೆ, ಎಲ್ಲ. ನನಗೆ ಅಲ್ಲಿ ನಿಲ್ಲಲಾಗಲಿಲ್ಲ, ಹೊರಡಲೂ ಆಗಲಿಲ್ಲ.

ಅಕ್ಕ ನನ್ನ ಕಡೆ ತಿರುಗಿದರು. "ಲಸಿಕೆ ಹಾಕಿದ ಇಲಿಗುಳು ಸತ್ವೇನವ್ವಾ?"

"ಹೂಂ ಅಕ್ಕಾ."

"ಹಾಕ್ದೆ ಇರಾವು?"

"ಅವೂ ಸತ್ವು."

"ಹೂಂ," ಅಂದರು. ತಮ್ಮನ ಕಡೆ ನೋಡಿ, "ಇತ್ಲಾಗೆ ಬಾ. ಮ್ಯಾಲೆ ಕೂರು," ಎಂದು ಮಂಚದ ಅಂಚು ತಟ್ಟಿದರು. ಅವರು ಎದ್ದು ಕೂತರು. "ನನ್ ಕಡೆ ಬ್ಯಾಡ. ಆಕಡೆ ತಿರುಗು."

ಅವರು ಅಕ್ಕನಿಗೆ ಬೆನ್ನು ಮಾಡಿ ಕೂತರು. ನರೆತ ತಲೆ, ದಪ್ಪ ಕನ್ನಡಕ, ಭುಜ ಕುಗ್ಗಿಸಿ ಸಣ್ಣ ಹುಡುಗನಂತೆ ಕೂತಿದ್ದರು. ಅಕ್ಕ ಮಲಗಿದಲ್ಲಿಂದಲೇ ಕಷ್ಟಪಟ್ಟು ಕೈ ಎತ್ತಿ ಹಿಂದಿನಿಂದ ಅವರ ಬಲಗಿವಿಯ ತುದಿ ಹಿಡಿದರು.

"ಎಡ ಬಲ ತಿಳೀತಿರ್ಲಿಲ್ಲ ನಿಂಗೆ," ಅಂದರು. "ಕುರಿ ಹಿಂದೆ ನಡೀತಾ ನಡೀತಾ, ಹಿಂಗೇ ಹಿಂದೆ ನಿಂತು, ಇದೇ ಕಿವಿ ಹಿಂಡಿ ಹೇಳ್ಕೊಟ್ಟಿದ್ದೆ. ಇದು ಬಲ ಕಣೋ, ಮರೀಬ್ಯಾಡ ಅಂತ. ನೀನು ಮರೀಲಿಲ್ಲ. ತಪ್ಪು ನಿಂದಲ್ಲ ಬಿಡು. ಹೇಳ್ಕೊಟ್ಟೋಳು ನಾನು."

ಅವರು ಬೆನ್ನು ತಿರುಗಿಸಿಕೊಂಡೇ ಅತ್ತರು. ಅಕ್ಕ ಕಿವಿ ಬಿಡಲಿಲ್ಲ.

ಇಲಿ ಎತ್ತುವ ಮುಂಚೆ ಅವರು ಮುಟ್ಟಿಕೊಳ್ಳುತ್ತಿದ್ದದ್ದು ಆ ಕಿವಿಯನ್ನು.